ಮಾಮೂಲಿನ ಮೂಲ

ಅರಬ್ಬಿ ಕಲಿಯಹೊರಟವರ ಕೈಗೆ ಮೊದಲು ಬರುವುದು ಬಲದಿಂದ ಎಡಕ್ಕೆ ಓಡುವ 28 ಅಕ್ಷರಗಳ ಪಟ್ಟಿ. ನಾನೂ ಅಲ್ಲಿಂದಲೇ ಶುರುಮಾಡಿದವನು; ಅದು ತಿರುವುಮುರುವಾಯಿತೆಂದು ಈಗ ಅನಿಸುತ್ತದೆ. ತಮಿಳುನಾಡಿನ ಕಾಂಗೇಯಂ ಸೀಮೆಯ ಕನ್ನಡಿಗನಿಗೆ ಅರಬ್ಬಿಯ ಮೊದಲ ಪಾಠ ತಾಲ್ಲೂಕು ಕಚೇರಿಯಲ್ಲೇ ಇದೆ. ಬೋರ್ಡಿನಲ್ಲಿ ‘ವಟ್ಟಾಚ್ಚಿಯರ್’ ಎಂಬ ಅಚ್ಚ ತಮಿಳು ಪದವಿದ್ದರೂ ಜನರ ಬಾಯಲ್ಲಿ ಅವರು ತಾಸಿಲ್ದಾರರೇ. ವಕೀಲ, ವಸೂಲಿ, ಬಾಕಿ, ನಕಲು, ರದ್ದು, ಎಲ್ಲದರ ಬೇರೂ ಅರಬ್ಬಿಯಲ್ಲಿದೆ. ತಮಿಳರಿಗೂ ನಮಗೂ ಇವು ಸಮಪಾಲು.

ಅರಬ್ಬಿಯ ಗುಟ್ಟಿರುವುದು ಮೂರು ವ್ಯಂಜನಗಳ ಧಾತುವಿನಲ್ಲಿ. ಕನ್ನಡದಲ್ಲಿ ನಾವು ‘ಮಾಡು’ವಿಗೆ ಬಾಲ ಕಟ್ಟುತ್ತ ಹೋಗುತ್ತೇವೆ: ಮಾಡಿದ, ಮಾಡಿಸು, ಮಾಡುವವನು. ಅರಬ್ಬಿ ವ್ಯಂಜನಗಳನ್ನು ಕದಲಿಸದೆ ನಡುವಿನ ಸ್ವರಗಳನ್ನು ಬದಲಿಸುತ್ತದೆ, ಬೇಕಾದರೆ ಮುಂದೊಂದು ‘ಮ’ ಹಚ್ಚುತ್ತದೆ. ‘ಅಮಲ್’ ಎಂದರೆ ಕೆಲಸ. ಅದನ್ನು ಜಾರಿಗೆ ತರುವವನು ಅಮಲ್ದಾರ. ಮಾಡಿ ಮಾಡಿ ರೂಢಿಗೆ ಬಿದ್ದದ್ದು ಮಾಮೂಲು. ಅಮಲ್ದಾರನಿಗೂ ಮಾಮೂಲಿಗೂ ನಂಟು ಕಟ್ಟಿದ್ದು ವ್ಯಾಕರಣ, ನಾನಲ್ಲ! ತಹಸೀಲಿನ ಧಾತುವೇ ಮಹಸೂಲಿಗೂ. ಬಿಗಿಯಾಗಿ ಹಿಡಿಯುವುದು ಜಪ್ತಿ, ಬಿಗಿಗೊಂಡದ್ದು ಮಜಬೂತು. ನಜರಿಗೆ ಬಿದ್ದದ್ದು ಮಂಜೂರು. ಅರ್ಜಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಮೂಲು, ಮಹಸೂಲು, ಮಜಬೂತು, ಮಂಜೂರು, ನಾಲ್ಕನ್ನೂ ಒಟ್ಟಿಗೆ ಉಚ್ಚರಿಸಿ ನೋಡಿ, ಒಂದೇ ಅಚ್ಚಿನ ಎರಕವೆಂದು ಕಿವಿಗೇ ತಿಳಿಯುತ್ತದೆ.

ಇವು ಬಂದದ್ದು ಪಾರಸಿಯಿಂದಲ್ಲವೇ ಎಂದು ಆಕ್ಷೇಪಿಸಬಹುದು. ದಾರಿ ಅದೇ, ಒಪ್ಪುತ್ತೇನೆ. 1799ರಲ್ಲಿ ಟಿಪ್ಪು ಬೀಳುವತನಕ ಕಾಂಗೇಯಂ ಸೇರಿದಂತೆ ಕೊಯಮತ್ತೂರು ಸೀಮೆ ಮೈಸೂರಿನದಾಗಿತ್ತು, ಅವನ ದಫ್ತರದಲ್ಲಿ ಪಾರಸಿಯದೇ ಮೇಲುಗೈ. ಆದರೆ ಪಾರಸಿಯೂ ನಮ್ಮಂತೆ ಬಾಲ ಕಟ್ಟುವ ಭಾಷೆ. ತಹಸೀಲಿಗೆ ಅಂಟಿದ ‘ದಾರ್’ ಅದರ ಕೊಡುಗೆ. ತಹಸೀಲು ಮಹಸೂಲಾಗುವ ಒಳಗಿನ ತಿರುವು ಮಾತ್ರ ಅರಬ್ಬಿಯದು.

ಉಚ್ಚಾರದ ಆಕ್ಷೇಪ ಇದಕ್ಕಿಂತ ಬಲವಾದದ್ದು. ಅರಬರು ತಮ್ಮ ನುಡಿಯನ್ನು ‘ದಾದ್’ ಅಕ್ಷರದ ಭಾಷೆಯೆಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಾರೆ. ‘ಹಾಜರು’ವಿನಲ್ಲಿದ್ದದ್ದು ಆ ದಾದ್ ಅಕ್ಷರವೇ, ಕನ್ನಡದಲ್ಲಿ ಅದು ಬರಿಯ ‘ಜ’, ತಮಿಳಿನಲ್ಲಿ ಹಕಾರವೂ ಬಿದ್ದುಹೋಗಿ ‘ಆಜರ್’. ಅರ್ಥವೂ ಜಾರಿದೆ: ನಮಗೆ ಬಡವನಾದ ‘ಗರೀಬ’ ಅರಬ್ಬಿಯಲ್ಲಿ ಪರಕೀಯ, ಅಪರಿಚಿತ. ಕಚೇರಿಯ ಈ ಪದಗಳನ್ನು ನಂಬಿ ದುಬೈಯಲ್ಲಿ ಬಾಯಿ ತೆರೆದರೆ ಕೆಲಸ ಕೆಡುತ್ತದೆ. ಉಚ್ಚಾರಕ್ಕೆ ಗುರುವೇ ಬೇಕು. ಆದರೆ ಸಾಂಪ್ರದಾಯಿಕ ಅರಬ್ಬಿ ನಿಘಂಟುಗಳು ಪದಗಳನ್ನು ಜೋಡಿಸುವುದು ಧಾತುವಿನ ಪ್ರಕಾರ. ಅಲ್ಲಿ ಮಾಮೂಲನ್ನು ಮಕಾರದಲ್ಲಿ ಹುಡುಕಿದರೆ ಸಿಗದು. ಅಮಲಿನ ಪುಟ ತೆರೆಯಬೇಕು.