ಓಟಿಗೆ ಮುಂಚಿನ ಅರ್ಧ ಗಂಟೆ

ಮಕ್ಕಳಿಗೆ ಅರಿವಳಿಕೆ ಕೊಡುವುದು ನನ್ನ ವೃತ್ತಿ. ಹರ್ನಿಯಾ, ಟಾನ್ಸಿಲ್, ಸೀಳುತುಟಿ, ಮುರಿದ ಮೊಣಕೈ ಎಂದು ಬರುವ ಪುಟಾಣಿಗಳಲ್ಲಿ ಬಹಳಷ್ಟು ಮಂದಿಗೆ ಆಪರೇಷನ್ ಎಂದರೆ ಏನೆಂದೇ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಾಗುವುದು ಒಂದೇ: ಬಾಯಿಗೆ ಬಟ್ಟೆ ಕಟ್ಟಿಕೊಂಡ ಯಾರೋ ಅಮ್ಮನ ತೋಳಿನಿಂದ ತಮ್ಮನ್ನು ಕಿತ್ತುಕೊಳ್ಳುತ್ತಿದ್ದಾರೆ. ಆರೇಳು ತಿಂಗಳಿನಿಂದ ಐದಾರು ವರ್ಷದವರೆಗೆ ಈ ಅಗಲಿಕೆಯ ಭಯ ತುಂಬಾ ಜೋರು.

ನಾನು ಕಲಿಯುತ್ತಿದ್ದ ಕಾಲಕ್ಕೆ ‘ಮಕ್ಕಳು ಅಳೋದು ಮಾಮೂಲು, ಮತ್ತು ಬಂದರೆ ಸುಮ್ಮನಾಗ್ತವೆ’ ಎಂಬ ಮಾತು ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಆಗಾಗ ಕೇಳಿಬರುತ್ತಿತ್ತು. ಇಬ್ಬರು ಕೈಕಾಲು ಹಿಡಿದು ಮಾಸ್ಕ್ ಒತ್ತಿದರೆ ಕೆಲಸ ಆಗುತ್ತಿತ್ತು. ಅತ್ತ ಮಗುವಿನ ಗಂಟಲಲ್ಲಿ ಜೊಲ್ಲು ತುಂಬಿರುತ್ತದೆ, ಉಸಿರಿನ ದಾರಿ ಕಾಯುವುದು ನಮಗೂ ಕಷ್ಟ. ಅದಕ್ಕಿಂತ ದೊಡ್ಡ ತೊಂದರೆ ಮನೆಗೆ ಹೋದ ಮೇಲೆ ಶುರುವಾಗುತ್ತದೆ. ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ಬಿಟ್ಟಿದ್ದ ಹಾಸಿಗೆ ಒದ್ದೆಯ ಅಭ್ಯಾಸ ಮತ್ತೆ ಬರುವುದು, ಬಿಳಿ ಕೋಟು ಕಂಡರೆ ಚೀರುವುದು. ಅಮೆರಿಕದ ಮನೋವೈದ್ಯ ಡೇವಿಡ್ ಲೆವಿ 1945ರಲ್ಲೇ ಇದನ್ನು ದಾಖಲಿಸಿದ್ದರು. 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಜೀವ್ ಕೇನ್ ಮತ್ತು ಸಂಗಡಿಗರು ಆಪರೇಷನ್ನಿಗೆ ಮುಂಚಿನ ಭಯಕ್ಕೂ ಆಮೇಲಿನ ಈ ತೊಂದರೆಗಳಿಗೂ ನಂಟಿದೆ ಎಂದು ತೋರಿಸಿದರು. ಆ ಭಯ ಇಳಿಸುವುದರಲ್ಲಿ ತಂದೆತಾಯಿ ಒಳಗೆ ಜೊತೆಗಿರುವುದಕ್ಕಿಂತ ಮಿಡಜೋಲಾಂ ಔಷಧಿಯೇ ಮೇಲು ಎಂಬುದೂ ಅವರ ಅಧ್ಯಯನದಲ್ಲಿ ಕಂಡುಬಂತು.

ಮಿಡಜೋಲಾಂ ಬಲು ಕಹಿ. ತೂಕಕ್ಕೆ ತಕ್ಕಂತೆ, ಸಾಮಾನ್ಯವಾಗಿ ಕಿಲೋಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ, ಸಿಹಿ ಸಿರಪ್ಪಿನಲ್ಲಿ ಬೆರೆಸಿ ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಒಳಭಾಗಕ್ಕೆ ಬಿಡುತ್ತೇವೆ. ಹರ್ನಿಯಾಕ್ಕೆ ಬಂದಿದ್ದ ಹುಡುಗನೊಬ್ಬ ತಾಯಿಯ ತೊಡೆಯ ಮೇಲೆ ಕೂತು ಆಟಿಕೆ ಬಸ್ಸಿನ ಗಾಲಿ ತಿರುಗಿಸುತ್ತಿದ್ದ. ಔಷಧಿ ಕುಡಿದು ಮುಖ ಸಿಂಡರಿಸಿದ. ಕಾಲು ಗಂಟೆ ಕಳೆದ ಮೇಲೆ ಬೆರಳು ನಿಧಾನವಾಯಿತು, ಮಾತು ತೊದಲಿತು, ಕಾರಣವಿಲ್ಲದೆ ನಕ್ಕ. ‘ಡಾಕ್ಟ್ರೇ, ಇವ್ನಿನ್ನೂ ಮಲಗಲೇ ಇಲ್ವಲ್ಲ?’ ಎಂದರು ತಾಯಿ. ‘ಮಲಗಬೇಕಾಗಿಲ್ಲಮ್ಮ, ಹೆದರಿಕೆ ಹೋದರೆ ಸಾಕು’ ಎಂದೆ. ಕೈ ಚಾಚಿದಾಗ ಬಸ್ಸಿನ ಸಮೇತ ನನ್ನ ಹೆಗಲಿಗೆ ಬಂದ.

ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ, ಔಷಧಿಗೆ ಸಮಯ ಕೊಡಬೇಕು ಎಂಬುದು. ಮಿಡಜೋಲಾಂ ಹಿಡಿಯಲು 20ರಿಂದ 30 ನಿಮಿಷ ಬೇಕು. ಕೊಟ್ಟ ಐದೇ ನಿಮಿಷಕ್ಕೆ ಮಗುವನ್ನು ಎಳೆದುಕೊಂಡರೆ ಕೊಟ್ಟೂ ಪ್ರಯೋಜನವಿಲ್ಲ. ಬಹಳ ಮುಂಚೆ ಕೊಟ್ಟರೆ ಬಾಗಿಲಿಗೆ ಬರುವಷ್ಟರಲ್ಲಿ ಇಳಿದಿರುತ್ತದೆ. ಆದ್ದರಿಂದ ಹಿಂದಿನ ಕೇಸಿನಲ್ಲಿ ಸರ್ಜನ್ ಹೊಲಿಗೆಗೆ ಕೈ ಹಾಕುತ್ತಿದ್ದಂತೆ ವಾರ್ಡಿಗೆ ಫೋನ್ ಮಾಡಿಸುತ್ತೇನೆ. ಕುಡಿಯಲು ಒಪ್ಪದ ಮಕ್ಕಳಿಗೆ ಡೆಕ್ಸ್‌ಮೆಡಿಟೊಮಿಡಿನ್ ಹನಿಗಳನ್ನು ಮೂಗಿಗೆ ಬಿಡಬಹುದು. ಮೂಗಿಗೆ ಬಿಟ್ಟರೆ ಮಿಡಜೋಲಾಂ ಉರಿಸುತ್ತದೆ, ಇದು ಉರಿಸುವುದಿಲ್ಲ, ಆದರೆ ಇನ್ನೂ ತಡವಾಗಿ ಹಿಡಿಯುತ್ತದೆ.

ಎಲ್ಲ ಮಕ್ಕಳಿಗೂ ಮಿಡಜೋಲಾಂ ಸಲ್ಲದು. ಟಾನ್ಸಿಲ್ ದೊಡ್ಡದಾಗಿ ರಾತ್ರಿ ಗೊರಕೆ ಹೊಡೆಯುವ, ಗೊರಕೆಯ ನಡುವೆ ಉಸಿರು ಕಟ್ಟುವ ಮಗುವಿನಲ್ಲಿ ಬಹಳ ಎಚ್ಚರ ಬೇಕು. ಅಪರೂಪಕ್ಕೆ ಕೆಲವು ಮಕ್ಕಳು ಶಾಂತವಾಗುವ ಬದಲು ರೊಚ್ಚಿಗೇಳುತ್ತಾರೆ. ಆದ್ದರಿಂದ ಕೊಟ್ಟ ಮೇಲೆ ಮಗುವಿನ ಬೆರಳಿಗೆ ಪಲ್ಸ್ ಆಕ್ಸಿಮೀಟರ್, ಪಕ್ಕದಲ್ಲಿ ಆಕ್ಸಿಜನ್, ಕಣ್ಣಿಟ್ಟ ಒಬ್ಬ ಸಿಸ್ಟರ್ ಇರಲೇಬೇಕು. ಮನೆಯಲ್ಲೇ ನಿದ್ದೆಯ ಸಿರಪ್ ಕುಡಿಸಿ ಕರೆತರುವುದು ಅಪಾಯ. ಹಸಿವಿನ ಅಳುವಿಗಂತೂ ಮಿಡಜೋಲಾಂ ಮದ್ದಲ್ಲ. ಊಟ, ಹಸುವಿನ ಹಾಲು 6 ಗಂಟೆ ಮುಂಚೆ, ಎದೆಹಾಲು 4 ಗಂಟೆ ಮುಂಚೆ ನಿಲ್ಲಿಸಿದರೆ ಸಾಕು. ನೀರನ್ನು 2 ಗಂಟೆ ಮುಂಚಿನವರೆಗೂ ಕೊಡಬಹುದು. ಹಿಂದಿನ ರಾತ್ರಿಯಿಂದ ಬಾಯಿ ಒಣಗಿಸಬೇಕಾಗಿಲ್ಲ.

ಎರಡನೆಯ ಪಾಠ ತಂದೆತಾಯಿಗೆ ಸಂಬಂಧಿಸಿದ್ದು. ‘ಫೋಟೋ ತೆಗೀತಾರೆ ಅಷ್ಟೇ’, ‘ಟಾಟಾ ಹೋಗೋಣ ಬಾ’ ಎಂದು ನಂಬಿಸಿ ಕರೆತಂದ ಮಗು ಆಸ್ಪತ್ರೆಯನ್ನಲ್ಲ, ಅಪ್ಪ ಅಮ್ಮನನ್ನೇ ನಂಬುವುದನ್ನು ಬಿಡುತ್ತದೆ. ಮೂರು ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವಂತೆ ನಿಜ ಹೇಳಬಹುದು: ‘ಹೊಟ್ಟೆ ಕೆಳಗಿನ ಗಂಟು ಸರಿ ಮಾಡ್ತಾರೆ. ಆಗ ನೀನು ಮಲಗಿರ್ತೀಯ. ಎದ್ದಾಗ ನಾನು ಇರ್ತೀನಿ.’ ಆಮೇಲೆ ಆ ಮಾತು ಉಳಿಸಿಕೊಳ್ಳಬೇಕು. ಎಚ್ಚರವಾಗುವಾಗ ಕೆಲವು ಮಕ್ಕಳು ಗುರುತೇ ಸಿಗದವರಂತೆ ಒದ್ದಾಡಿ ಅಳುತ್ತಾರೆ. ಗಾಬರಿ ಬೇಡ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಇಳಿಯುತ್ತದೆ.

ಮಗುವಿನ ಸಮಾಧಾನ ಚಿಕಿತ್ಸೆಯ ಭಾಗವೇ ಹೊರತು ಉಪಕಾರವಲ್ಲ. ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರು ಮಗುವನ್ನು ನೋಡಲು ಬಂದಾಗ ಸಂಕೋಚಪಡದೆ ಕೇಳಿ: ‘ನಮ್ಮ ಮಗುವಿಗೆ ಹೆದರಿಕೆ ಕಡಿಮೆ ಮಾಡುವ ಔಷಧಿ ಕೊಡ್ತೀರಾ? ಎಷ್ಟು ಹೊತ್ತಿಗೆ ಕೊಡ್ತೀರಿ? ಎದ್ದಾಗ ನಾವು ಪಕ್ಕದಲ್ಲಿ ಇರಬಹುದಾ?’ ರಾತ್ರಿಯ ಗೊರಕೆ, ನೆಗಡಿ, ಹಿಂದೆ ಯಾವುದಾದರೂ ಔಷಧಿ ಒಗ್ಗದಿದ್ದದ್ದು, ಎಲ್ಲವನ್ನೂ ಅದೇ ಹೊತ್ತಿಗೆ ತಿಳಿಸಿಬಿಡಿ.