ಮೊಳೆಯಿಲ್ಲದ, ಅಂಟಿಲ್ಲದ ಮರದ ನೆಲ: ಚರಾಸ್ತಿಯೋ, ಸ್ಥಿರಾಸ್ತಿಯೋ?

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲೂಕುಗಳ ಹಳೆಯ ಮನೆ, ಅಂಗಡಿಗಳಲ್ಲಿ ಚಪ್ಪಡಿ ಕಲ್ಲು, ಗಾರೆ ಇಲ್ಲವೇ ಕಾವಿ ನೆಲವೇ ವಾಡಿಕೆಯಾಗಿತ್ತು. ಬಿಡದಿ ಕೈಗಾರಿಕಾ ಪ್ರದೇಶದ ಬೆಳವಣಿಗೆ ಹಾಗೂ 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಕಾರಣದಿಂದ ಈ ಭಾಗದಲ್ಲಿ ಬಾಡಿಗೆ ಮಳಿಗೆಗಳಿಗೂ ಕಚೇರಿಗಳಿಗೂ ಹೊಸ ಬೇಡಿಕೆ ಹುಟ್ಟಿದೆ. ಇಂತಹ ಕಟ್ಟಡಗಳಲ್ಲಿ ಒಂದಕ್ಕೊಂದು ಕೊಂಡಿಯಂತೆ ಸಿಕ್ಕಿಕೊಳ್ಳುವ ಮರದ ಹಲಗೆಗಳ ನೆಲಹಾಸನ್ನು ಬಳಸುವುದುಂಟು. ಮೊಳೆಯಾಗಲೀ ಅಂಟಾಗಲೀ ಇಲ್ಲದ ಈ ನೆಲವು ಕಟ್ಟಡದ ಭಾಗವೇ, ಅಥವಾ ಕುರ್ಚಿ ಮೇಜುಗಳಂತೆ ಪ್ರತ್ಯೇಕ ಸ್ವತ್ತೇ ಎಂಬ ಪ್ರಶ್ನೆಗೆ ದೊರೆಯುವ ಉತ್ತರವು ವರ್ತಕರ ತೆರಿಗೆ, ಲೆಕ್ಕಪತ್ರ ಹಾಗೂ ಬಾಡಿಗೆ ಕರಾರು ಮೂರನ್ನೂ ಮುಟ್ಟುತ್ತದೆ.

ರಚನೆ ಮತ್ತು ಹಿನ್ನೆಲೆ

ಒಂದು ಹಲಗೆಯ ಅಂಚಿನಲ್ಲಿ ನಾಲಿಗೆ, ಮತ್ತೊಂದರ ಅಂಚಿನಲ್ಲಿ ಗಾಡಿಯನ್ನು ಕೊರೆದು ಜೋಡಿಸುವ ಕ್ರಮ ಬಡಗಿಗಳಿಗೆ ಹೊಸದಲ್ಲ. ಆದರೆ ಆ ಜೋಡಣೆ ಬಿಟ್ಟುಕೊಳ್ಳದಂತೆ ಹಿಡಿದಿಡಲು ಮೊಳೆ ಅಥವಾ ಅಂಟು ಬೇಕಾಗುತ್ತಿತ್ತು. 1990ರ ದಶಕದಲ್ಲಿ ಸ್ವೀಡನ್ನಿನ ವೆಲಿಂಗೆ ಹಾಗೂ ಬೆಲ್ಜಿಯಂನ ಯೂನಿಲಿನ್ ಸಂಸ್ಥೆಗಳು ನಾಲಿಗೆಗೇ ಒಂದು ಕೊಕ್ಕೆಯ ಆಕಾರ ನೀಡಿ ಈ ಅಗತ್ಯವನ್ನು ನಿವಾರಿಸಿದವು. ಹಲಗೆಯನ್ನು ಓರೆಯಾಗಿ ಹಿಡಿದು ಸೇರಿಸಿ ಕೆಳಕ್ಕೆ ಒತ್ತಿದರೆ ಅದು ಬೀಗದಂತೆ ಕೂಡಿಕೊಳ್ಳುತ್ತದೆ. ಅದೇ ಓರೆಯಲ್ಲಿ ಎತ್ತಿದರೆ ಬಿಟ್ಟುಕೊಳ್ಳುತ್ತದೆ.

ಪೇಟೆಂಟ್ ಹಕ್ಕಿನ ಅವಧಿ ಅರ್ಜಿಯ ದಿನಾಂಕದಿಂದ 20 ವರ್ಷ. ಆದ್ದರಿಂದ ಮೂಲ ವಿನ್ಯಾಸಗಳ ಹಕ್ಕುಗಳು ತೀರಿವೆ. ಆದರೆ ಆನಂತರದ ಸುಧಾರಿತ ಬೀಗಗಳಿಗೆ ಪ್ರತ್ಯೇಕ ಹಕ್ಕುಗಳಿರುತ್ತವೆ. ನಮ್ಮ 1970ರ ಪೇಟೆಂಟ್ ಕಾಯಿದೆಯ 48ನೇ ಕಲಮಿನಂತೆ ತಯಾರಿಕೆಯಷ್ಟೇ ಅಲ್ಲ, ಮಾರಾಟ ಮತ್ತು ಆಮದು ಸಹ ಹಕ್ಕುದಾರನಿಗೆ ಮೀಸಲು. ಅಗ್ಗದ ಸರಕನ್ನು ಆಮದು ಮಾಡಿಕೊಳ್ಳುವವರು ತಯಾರಕರಿಂದ ಈ ಕುರಿತು ಲಿಖಿತ ಭರವಸೆ ಪಡೆಯುವುದು ಕ್ಷೇಮ.

ಸಾಮಾನ್ಯವಾಗಿ ದೊರೆಯುವ ಲ್ಯಾಮಿನೇಟ್ ಹಲಗೆಯು 8ರಿಂದ 12 ಮಿಲಿಮೀಟರ್ ದಪ್ಪವಿದ್ದು, ಅದರ ಒಡಲು ಒತ್ತಿ ಮಾಡಿದ ಮರದ ನಾರಿನದು. ಇದನ್ನು ಸಿಮೆಂಟ್ ನೆಲದ ಮೇಲೆ ತೆಳುವಾದ ಫೋಮ್ ಹಾಳೆ ಹಾಸಿ, ಅದರ ಮೇಲೆ ಜೋಡಿಸಲಾಗುತ್ತದೆ. ನೆಲಕ್ಕೂ ಹಲಗೆಗೂ ಯಾವ ಬಂಧನವೂ ಇಲ್ಲದಿರುವುದರಿಂದ ಇದನ್ನು ತೇಲುವ ನೆಲ ಎನ್ನುತ್ತಾರೆ. ಮರವು ತೇವವನ್ನು ಹೀರಿ ಹಿಗ್ಗುವ, ಒಣಗಿ ಕುಗ್ಗುವ ಗುಣವುಳ್ಳದ್ದು. ಆದಕಾರಣ ಗೋಡೆಯ ಸುತ್ತ ಸುಮಾರು 8ರಿಂದ 10 ಮಿಲಿಮೀಟರ್ ಅಂತರ ಬಿಡಬೇಕು. ಆ ಅಂತರವನ್ನು ಸಿಮೆಂಟಿನಿಂದ ತುಂಬಿದರೆ ನೆಲ ಉಬ್ಬಿ ಮೇಲೇಳುತ್ತದೆ.

ಮರದ ಈ ಸ್ವಭಾವ ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳಿಗೆ ಪರಿಚಿತವೇ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಈ ಗೊಂಬೆಗಳಿಗೆ ಸಾಂಪ್ರದಾಯಿಕವಾಗಿ ಬಳಸುವ ಆಲೆ ಮರವನ್ನು ಚೆನ್ನಾಗಿ ಒಣಗಿಸಿದ ನಂತರವೇ ಕಡೆಯಲು ತೆಗೆದುಕೊಳ್ಳುತ್ತಾರೆ. ಹಾಗೆಂದು ಆಲೆ ಮರ ನೆಲಹಾಸಿಗೆ ಸಲ್ಲುವುದಿಲ್ಲ, ಅದು ಮೃದು. ಅಲ್ಲದೆ ಲೇತ್ ಯಂತ್ರ ದುಂಡನೆಯ ವಸ್ತುವಿಗೆ ತಕ್ಕುದು. ಹಲಗೆಯ ಉದ್ದಕ್ಕೂ ಒಂದೇ ಸಮನಾದ ಬೀಗ ಕೊರೆಯಲು ಬೇರೆಯದೇ ಯಂತ್ರ ಬೇಕು. ಈ ಭಾಗದ ವರ್ತಕರಿಗೆ ಸದ್ಯದ ಅವಕಾಶವಿರುವುದು ಮಾರಾಟ ಮತ್ತು ಜೋಡಣೆಯಲ್ಲಿ.

ಕಾನೂನಿನ ದೃಷ್ಟಿ

1882ರ ಸ್ವತ್ತು ವರ್ಗಾವಣೆ ಕಾಯಿದೆಯ 3ನೇ ಕಲಮು ಭೂಮಿಗೆ ಲಗತ್ತಾದ ವಸ್ತುಗಳನ್ನು ಮೂರು ಬಗೆಯಾಗಿ ವಿವರಿಸುತ್ತದೆ: ಮರಗಿಡಗಳಂತೆ ಬೇರೂರಿದ್ದು, ಗೋಡೆ ಕಟ್ಟಡಗಳಂತೆ ಹೂತದ್ದು, ಮತ್ತು ಹಾಗೆ ಹೂತದ್ದರ ಶಾಶ್ವತ ಉಪಯೋಗಕ್ಕಾಗಿ ಅದಕ್ಕೆ ಲಗತ್ತಿಸಿದ್ದು. ತೇಲುವ ನೆಲದ ವಿಚಾರದಲ್ಲಿ ವಿವಾದ ಏಳುವುದು ಮೂರನೆಯ ಬಗೆಯಲ್ಲಿ.

ಸುಪ್ರೀಂ ಕೋರ್ಟ್ 2010ರಲ್ಲಿ ಸಾಲಿಡ್ ಅಂಡ್ ಕರೆಕ್ಟ್ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಅಲುಗಾಡದಿರಲೆಂದು ತಳಪಾಯಕ್ಕೆ ಬೋಲ್ಟ್ ಹಾಕಿದ ಡಾಂಬರು ಮಿಶ್ರಣ ಘಟಕವು ಅಷ್ಟರಿಂದಲೇ ಸ್ಥಿರಾಸ್ತಿಯಾಗದು ಎಂದು ತೀರ್ಮಾನಿಸಿತು. 2024ರ ನವೆಂಬರ್‌ನಲ್ಲಿ ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ಮೊಬೈಲ್ ಗೋಪುರಗಳಿಗೂ ಇದೇ ಮಾನದಂಡ ಅನ್ವಯಿಸಿತು. ಲಗತ್ತಿಸಿದ ಉದ್ದೇಶವೇನು, ಶಾಶ್ವತವಾಗಿರಲೆಂಬ ಇರಾದೆ ಇತ್ತೇ, ಹಾನಿಯಿಲ್ಲದೆ ಬಿಚ್ಚಿ ಬೇರೆಡೆ ಬಳಸಬಹುದೇ ಎಂಬುವು ಮುಖ್ಯ ಪರೀಕ್ಷೆಗಳು.

ಹೀಗಾಗಿ ಮೊಳೆಯಿಲ್ಲ ಎಂಬ ಒಂದೇ ಕಾರಣದಿಂದ ಚರಾಸ್ತಿ ಎಂದು ನಿರ್ಧರಿಸಲಾಗದು. ಸ್ವಂತ ಕಟ್ಟಡದಲ್ಲಿ ಬಹುಕಾಲ ಇರಲೆಂದು ಹಾಸಿದ ನೆಲವನ್ನು ಕಟ್ಟಡದ ಭಾಗವೆಂದು ಪರಿಗಣಿಸುವ ಸಂಭವ ಹೆಚ್ಚು. ಕೆಲವೇ ವರ್ಷಗಳ ಬಾಡಿಗೆ ಮಳಿಗೆಯಲ್ಲಿ, ಕಳಚಿ ಒಯ್ಯುವ ಇರಾದೆಯನ್ನು ಕರಾರಿನಲ್ಲಿಯೇ ನಮೂದಿಸಿ ಹಾಸಿದಾಗ ಚರಾಸ್ತಿ ಎಂಬ ವಾದಕ್ಕೆ ಬಲ ಬರುತ್ತದೆ.

ಅದೇ ಕಾಯಿದೆಯ 108(ಎಚ್) ಕಲಮು ಬಾಡಿಗೆದಾರರಿಗೆ ಮಹತ್ವದ್ದು. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಗೇಣಿದಾರನು ತಾನು ಲಗತ್ತಿಸಿದ್ದನ್ನು ತೆಗೆದೊಯ್ಯಬಹುದು. ಆದರೆ ಸ್ವತ್ತು ತನ್ನ ಸ್ವಾಧೀನದಲ್ಲಿ ಇರುವವರೆಗೆ ಮಾತ್ರ, ಮತ್ತು ಅದನ್ನು ಪಡೆದಾಗಿದ್ದ ಸ್ಥಿತಿಯಲ್ಲಿಯೇ ಬಿಟ್ಟು. ಬೀಗದ ಕೈ ಒಪ್ಪಿಸಿದ ಮೇಲೆ ಹಲಗೆಗಳನ್ನು ಕೇಳುವ ಹಕ್ಕು ಉಳಿಯುವುದಿಲ್ಲ.

ಸರಕು ಮತ್ತು ಸೇವಾ ತೆರಿಗೆ

ಕಾಮಗಾರಿ ಗುತ್ತಿಗೆ ಎಂಬ ವ್ಯಾಖ್ಯೆಯು ಸ್ಥಿರಾಸ್ತಿಗೆ ಸಂಬಂಧಿಸಿದ ಕೆಲಸಕ್ಕೆ ಮಾತ್ರ ಸೀಮಿತವಾಗಿದ್ದು, ಅದನ್ನು ಸೇವೆಯೆಂದು ಪರಿಗಣಿಸಲಾಗುತ್ತದೆ. ಸ್ಥಿರಾಸ್ತಿ ಅಲ್ಲವೆಂದಾದರೆ, ಹಲಗೆ ಪೂರೈಸಿ ಜೋಡಿಸಿಕೊಡುವುದು ಸಂಯುಕ್ತ ಪೂರೈಕೆಯಾಗಿ, ಪ್ರಧಾನ ಪೂರೈಕೆಯಾದ ಹಲಗೆಯ ದರವೇ ಇಡೀ ಬಿಲ್ಲಿಗೆ ಅನ್ವಯಿಸುತ್ತದೆ.

ಕೊಳ್ಳುವವರ ದೃಷ್ಟಿಯಿಂದ 17(5) ಕಲಮಿನ (ಸಿ) ಮತ್ತು (ಡಿ) ಖಂಡಗಳು ಮುಖ್ಯ. ಸ್ಥಿರಾಸ್ತಿಯ ನಿರ್ಮಾಣಕ್ಕೆ ತೆತ್ತ ತೆರಿಗೆಯ ಹೂಡುವಳಿ ಜಮೆ ದೊರೆಯದು. ನವೀಕರಣ, ದುರಸ್ತಿಗಳೂ ಆ ಸ್ಥಿರಾಸ್ತಿಯ ಬೆಲೆಗೆ ಬಂಡವಾಳವಾಗಿ ಸೇರಿಸಿದ ಮಟ್ಟಿಗೆ ನಿರ್ಮಾಣವೇ. ಆದ್ದರಿಂದ ಲೆಕ್ಕಪುಸ್ತಕದಲ್ಲಿ ನೆಲವನ್ನು ಕಟ್ಟಡದ ಖಾತೆಗೆ ಸೇರಿಸಿ, ತೆರಿಗೆ ವಿವರಪತ್ರದಲ್ಲಿ ಚರಾಸ್ತಿಯೆಂದು ಜಮೆ ಪಡೆಯುವುದು ಪರಸ್ಪರ ವಿರುದ್ಧ ನಿಲುವಾಗುತ್ತದೆ. ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳಿದರೂ ಅದಕ್ಕೆ ಜಮೆ ಇಲ್ಲ.

ಒಂದು ಉದಾಹರಣೆ

ರಾಮನಗರದ ವರ್ತಕನೊಬ್ಬ 5 ವರ್ಷದ ಬಾಡಿಗೆಗೆ ಪಡೆದ 600 ಚದರ ಅಡಿಯ ಮಳಿಗೆಗೆ ಇಂತಹ ನೆಲ ಹಾಸುತ್ತಾನೆಂದು ಭಾವಿಸೋಣ. ದರಗಳು ಲೆಕ್ಕದ ಅನುಕೂಲಕ್ಕಾಗಿ ಊಹಿಸಿದವು.

ಹಲಗೆ, ಶೇ. 8 ಕತ್ತರಿಕೆ ನಷ್ಟ ಸೇರಿ 648 ಚದರ ಅಡಿ, ರೂ. 120ರಂತೆ: ರೂ. 77,760
ಫೋಮ್ ಹಾಳೆ, ರೂ. 10ರಂತೆ: ರೂ. 6,000
ಜೋಡಣೆ ಕೂಲಿ, ರೂ. 15ರಂತೆ: ರೂ. 9,000
ಸ್ಕರ್ಟಿಂಗ್ ಹಾಗೂ ಅಂಚುಪಟ್ಟಿ: ರೂ. 7,240
ಒಟ್ಟು: ರೂ. 1,00,000

ತೆರಿಗೆ ಶೇ. 18 ಎಂದಿಟ್ಟುಕೊಂಡರೆ ಪಾವತಿ ರೂ. 1,18,000. ಜಮೆ ದೊರೆತರೆ ಸ್ವತ್ತಿನ ಬೆಲೆ ರೂ. 1,00,000, 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 20,000. ದೊರೆಯದಿದ್ದರೆ ವರ್ಷಕ್ಕೆ ರೂ. 23,600. ಕಂಪನಿಗಳ ಕಾಯಿದೆ 2013ರ 2ನೇ ಅನುಸೂಚಿಯಲ್ಲಿ ಸಾಮಾನ್ಯ ಪೀಠೋಪಕರಣ ಹಾಗೂ ಜೋಡಣೆಗಳಿಗೆ 10 ವರ್ಷ, ಆರ್‌ಸಿಸಿ ಚೌಕಟ್ಟಿನ ಕಟ್ಟಡಕ್ಕೆ 60 ವರ್ಷ ಬಾಳಿಕೆ ಸೂಚಿಸಲಾಗಿದೆ. ಯೋಚಿಸದೆ ಇದೇ ನೆಲವನ್ನು 60 ವರ್ಷದ ಸ್ವತ್ತೆಂದು ಬರೆದರೆ ವಾರ್ಷಿಕ ಸವಕಳಿ ಕೇವಲ ರೂ. 1,967. ಐದನೆಯ ವರ್ಷ ನೆಲವನ್ನು ಬಿಟ್ಟು ಮಳಿಗೆ ತೆರವು ಮಾಡಿದಾಗ ಸುಮಾರು ರೂ. 1,08,167 ಒಮ್ಮೆಗೇ ನಷ್ಟವಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿಯವರೆಗಿನ ಲಾಭವೆಲ್ಲ ಅಷ್ಟರ ಮಟ್ಟಿಗೆ ಹೆಚ್ಚಾಗಿ ತೋರಿದಂತಾಯಿತು.

ಅನುಸರಿಸಬೇಕಾದ ಕ್ರಮಗಳು

1. ನೆಲವು ಬಾಡಿಗೆದಾರನದೇ, ಕಳಚಿ ಒಯ್ಯಬಹುದು ಎಂಬುದನ್ನು ಬಾಡಿಗೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆಯಿಸಬೇಕು.

2. ಕರಾರು, ಬಿಲ್ಲು, ಲೆಕ್ಕಪುಸ್ತಕ ಮತ್ತು ತೆರಿಗೆ ವಿವರಪತ್ರ ನಾಲ್ಕರಲ್ಲೂ ಒಂದೇ ನಿಲುವಿರಬೇಕು.

3. ಸ್ಕರ್ಟಿಂಗ್ ಪಟ್ಟಿಯನ್ನು ಗೋಡೆಗೆ ಕೂಡಿಸಬೇಕೇ ಹೊರತು ಹಲಗೆಗಲ್ಲ. ನೆಲಕ್ಕೆ ಒಂದು ಮೊಳೆ ಬಡಿದರೂ ಅದು ತೇಲುವ ನೆಲವಾಗಿ ಉಳಿಯದು; ಹಲಗೆಯೂ ಉಬ್ಬುತ್ತದೆ, ವಾದವೂ ಕುಂದುತ್ತದೆ.

4. ಮಾರುವವರು ದರಪತ್ರ ನೀಡುವ ಮೊದಲು ಸಿಮೆಂಟ್ ನೆಲದ ತೇವ ಪರೀಕ್ಷಿಸಿ, ಫಲಿತಾಂಶಕ್ಕೆ ಗ್ರಾಹಕರ ಸಹಿ ಪಡೆಯಬೇಕು. ಖಾತರಿಯ ತಗಾದೆ ಬಂದಾಗ ಆಧಾರವಾಗುವುದು ಆ ಕಾಗದವೇ.

ಮೊಳೆ, ಅಂಟುಗಳ ಖರ್ಚು ಉಳಿಯುವುದು ಈ ನೆಲದ ಸಣ್ಣ ಲಾಭ. ಮಳಿಗೆ ಬದಲಾಯಿಸುವಾಗ ಹೂಡಿದ ಹಣವನ್ನು ಜೊತೆಗೆ ಒಯ್ಯಬಹುದೆಂಬುದೇ ದೊಡ್ಡ ಲಾಭ. ಹಲಗೆಗಳ ಜೋಡಣೆಯಷ್ಟೇ ಬಿಗಿಯಾಗಿ ಕಾಗದಪತ್ರಗಳೂ ಒಂದಕ್ಕೊಂದು ಕೂಡಿಕೊಂಡಿದ್ದಾಗ ಮಾತ್ರ ಅದು ವರ್ತಕನ ಕೈಗೆ ದಕ್ಕುತ್ತದೆ.