ಕೋವಿಯ ಮರಕ್ಕೆ ಹೊಸ ಹಾಸು ಹಾಕಿಸಿದ ಮೇಲೆ ಗುರಿ ತಪ್ಪುವುದೇಕೆ?



ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮ್ಮ ಸದಸ್ಯರಲ್ಲಿ ಕೆಲವರ ಮನೆಯಲ್ಲಿ ತಂದೆಯವರ ಕಾಲದ ಪರವಾನಗಿ ರೈಫಲ್ ಇದೆ. ಹೆಚ್ಚಿನವು ಇಷಾಪುರದ ಕಾರ್ಖಾನೆಯ .315 ರೈಫಲ್‌ಗಳು. ವರ್ಷಗಟ್ಟಲೆ ಎಣ್ಣೆ ಕುಡಿದು, ಮಳೆಗಾಲದಲ್ಲಿ ಊದಿ, ಬೇಸಿಗೆಯಲ್ಲಿ ಕುಗ್ಗಿ, ಕಬ್ಬಿಣ ಕೂರುವ ಜಾಗದಲ್ಲಿ ಮರ ಮೆತ್ತಗಾಗುತ್ತದೆ. ಆಗ ಆ ಜಾಗವನ್ನು ಕೆತ್ತಿ, ಎಪಾಕ್ಸಿ ತುಂಬಿ, ಕಬ್ಬಿಣಕ್ಕೆ ಹೊಸ ಹಾಸು ಮಾಡಿಸುತ್ತೇವೆ. ಇಷ್ಟಾದ ಮೇಲೂ ಗುರಿ ಸರಿಯಾಗದಿದ್ದರೆ ಏನು ಮಾಡಬೇಕು?

ನನ್ನ ಅನುಭವ ಹೇಳುತ್ತೇನೆ. ಹಾಸು ಹಾಕಿಸಿಕೊಂಡು ಬಂದು 50 ಮೀಟರಿನಲ್ಲಿ ಐದು ಗುಂಡು ಹಾರಿಸಿದೆ. ಮೂರು ಒಂದು ಕಡೆ, ಎರಡು ಗೇಣುದೂರ ಇನ್ನೊಂದು ಕಡೆ ಬಿದ್ದವು. ಕಾಡತೂಸು ಹಳೆಯದೆಂದು ಬದಲಿಸಿದೆ. ಜೊತೆಗೆ ಸೈಟನ್ನೂ ಸರಿಸಿದೆ, ತಿರುಪುಗಳನ್ನೂ ಬಿಗಿಮಾಡಿದೆ. ಪರವಾನಗಿಯಲ್ಲಿ ಎಣಿಸಿ ಕೊಟ್ಟ ಕಾಡತೂಸು ಮುಗಿಯುತ್ತ ಬಂತೇ ಹೊರತು ಕಾರಣ ತಿಳಿಯಲಿಲ್ಲ. ಅಡಿಕೆ ಗರಿ ಹಳದಿಯಾಯಿತೆಂದು ಒಂದೇ ವಾರದಲ್ಲಿ ಯೂರಿಯಾ, ಸತು, ಸುಣ್ಣ ಮೂರನ್ನೂ ಹಾಕಿದಂತೆ ಆಯಿತು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಇದು ಮೊದಲ ಪಾಠ.

ಗುರಿಹಾಳೆಯನ್ನು ಓದುವ ಕ್ರಮ

ಮರಳುಚೀಲದ ಮೇಲೆ ಕೋವಿಯನ್ನು ಊರಿ, ನಳಿಗೆ ತಣಿಯಲು ಬಿಡುತ್ತ ಐದು ಗುಂಡು ಹಾರಿಸಿ. ಆಮೇಲೆ ಹಾಳೆ ನೋಡಿ.

1. ಐದೂ ಒತ್ತಾಗಿ ಬಿದ್ದಿವೆ, ಆದರೆ ಗುರಿಯಿಂದ ದೂರ: ಇದು ದೋಷವಲ್ಲ. ಕಬ್ಬಿಣ ಹೊಸದಾಗಿ ಕುಳಿತಾಗ ಪೆಟ್ಟಿನ ಜಾಗ ಸರಿಯುವುದು ಸಹಜ. ಸೈಟ್ ತಿದ್ದಿದರೆ ಸಾಕು.

2. ಮೊದಲ ಗುಂಡು ಸರಿ, ನಳಿಗೆ ಬಿಸಿಯಾದಂತೆ ಉಳಿದವು ಒಂದೇ ದಿಕ್ಕಿಗೆ ಜರುಗುತ್ತವೆ: ನಳಿಗೆ ಎಲ್ಲೋ ಮರಕ್ಕೆ ತಾಗುತ್ತಿದೆ.

3. ಎರಡು ಗುಂಪುಗಳಾಗಿ ಬೀಳುತ್ತವೆ: ಒದೆತಕ್ಕೆ ಕಬ್ಬಿಣ ಮರದಲ್ಲಿ ಜಾಗ ಬದಲಿಸುತ್ತಿದೆ.

4. ಗೊತ್ತುಗುರಿಯಿಲ್ಲದೆ ಚದುರುತ್ತವೆ: ಸೈಟ್, ತಿರುಪು, ಹಿಂಬದಿಯ ಮರ ಇವುಗಳಲ್ಲಿ ಯಾವುದೋ ಸಡಿಲವಾಗಿದೆ. ನಳಿಗೆಯ ತುದಿ ಜಖಂ ಆಗಿದೆಯೇ ಎಂದೂ ನೋಡಿ. ಇನ್ನೊಬ್ಬ ಅನುಭವಿ ಪರವಾನಗಿದಾರರಿಂದ ಹಾರಿಸಿ ನೋಡುವುದೂ ಒಳ್ಳೆಯದು; ತಪ್ಪು ನಮ್ಮ ಭುಜದ್ದೂ ಆಗಿರಬಹುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮೊದಲು ಕೋವಿ ಬರಿದು ಮಾಡಿ, ಬೋಲ್ಟ್ ಮತ್ತು ಮ್ಯಾಗಜೀನ್ ತೆಗೆದಿಡಿ. ಕಾಡತೂಸು ಬೇರೆ ಕೋಣೆಯಲ್ಲಿರಲಿ. ಒಂದು ಕಾಗದದ ಪಟ್ಟಿಯನ್ನು ನಳಿಗೆ ಮತ್ತು ಮರದ ನಡುವೆ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಾಗುತ್ತಿದೆ. ಕೆಲವು ಕೋವಿಗಳಲ್ಲಿ ಒಂದು ಕಡೆ ಬೇಕೆಂದೇ ಆಸರೆ ಕೊಟ್ಟಿರುತ್ತಾರೆ. ಅದು ಎಲ್ಲಿದೆಯೆಂದು ಕೆಲಸ ಮಾಡಿದವರನ್ನು ಕೇಳಿಕೊಳ್ಳದೆ ಉಜ್ಜಲು ಹೋಗಬೇಡಿ.

ಆಮೇಲೆ ನಳಿಗೆ ಮತ್ತು ಮರದ ಸಂದಿಗೆ ಬೆರಳಿಟ್ಟು, ಮುಂದಿನ ತಿರುಪನ್ನು ಸಡಿಲಿಸಿ ಮತ್ತೆ ಬಿಗಿಸಿ. ಬೆರಳಿಗೆ ಅಲುಗಾಟ ತಿಳಿದರೆ, ಕಬ್ಬಿಣ ಹಾಸಿನಲ್ಲಿ ಸಮವಾಗಿ ಕುಳಿತಿಲ್ಲ.

ಹಿಂಬದಿಯ ಮರ ಅಲುಗುತ್ತಿದ್ದರೆ, ಅದನ್ನು ಹಿಡಿದಿರುವ ಉದ್ದ ಬೋಲ್ಟನ್ನು ನೀವೇ ತಿರುಗಿಸಬೇಡಿ. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಮುಂದಿನ ಮರ ಬಿಚ್ಚದೆ ಅದನ್ನು ತಿರುಗಿಸಿದರೆ ಮರ ಸೀಳಿಹೋಗಬಹುದು.

ನನ್ನ ಕೋವಿಯಲ್ಲಿ ದೋಷವಿದ್ದುದು ನಾನು ಹುಡುಕದ ಜಾಗದಲ್ಲಿ. ಮುಂದಿನ ತಿರುಪಿನ ಸುತ್ತ ಒಂದು ಸಣ್ಣ ಲೋಹದ ಕೊಳವೆ ಇರುತ್ತದೆ. ಮರ ಅತಿಯಾಗಿ ಅದುಮಿ ನಜ್ಜಾಗದಂತೆ ಅದು ತಡೆಯುತ್ತದೆ. ಹೊಸ ಹಾಸಿನ ಅಳತೆಗೆ ಆ ಕೊಳವೆ ಕೂದಲೆಳೆಯಷ್ಟು ಉದ್ದವಾಗಿತ್ತು. ತಿರುಪು ಕೊಳವೆಯ ಮೇಲೆ ಬಿಗಿಯಾಗಿ ಕೂರುತ್ತಿತ್ತು, ಆದರೆ ಮರಕ್ಕೆ ಹಿಡಿತವೇ ಇರಲಿಲ್ಲ. ಕೈಗೆ ಬಿಗಿ, ಒಳಗೆ ಸಡಿಲ. ಕೆಲಸಗಾರರು ಕೊಳವೆಯನ್ನು ಸ್ವಲ್ಪ ಉಜ್ಜಿ ಕೊಟ್ಟ ಮೇಲೆ ಐದೂ ಗುಂಡು ಅಂಗೈಯಗಲದಲ್ಲಿ ಬಿದ್ದವು.

ಕಾನೂನಿನ ಮಾತು

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಗೂ ಪರವಾನಗಿ ಬೇಕು. ಆದ್ದರಿಂದ ಪರೀಕ್ಷೆ ನಿಮ್ಮದು, ಉಳಿ ಮತ್ತು ಅರ ಪರವಾನಗಿ ಪಡೆದ ಕೆಲಸಗಾರರದು. ಗುರಿ ಪರೀಕ್ಷೆ ಅನುಮತಿಯಿರುವ ಮೈದಾನದಲ್ಲೇ ನಡೆಯಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ ಇರುವಾಗ ನಮ್ಮಲ್ಲಿ ಅನೇಕರಿಗೆ ಇದು ಅನ್ವಯಿಸುತ್ತದೆ. ಕೋವಿಯ ಪರವಾನಗಿ ಪ್ರಾಣಿ ಹೊಡೆಯುವ ಪರವಾನಗಿಯಲ್ಲ ಎಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ತೊಂದರೆ ಏಕೆ ಎಂದು ಕೇಳಬಹುದು. ರೈಫಲಿನ ಗುಂಡು ಒಂದು ಮೈಲಿಗೂ ಮೀರಿ ಹೋಗುತ್ತದೆ. ನಮ್ಮ ಕಾಫಿ ಗಿಡದ ಮರೆಯಲ್ಲಿ ಹಣ್ಣು ಕೊಯ್ಯುವವರು ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಗುಂಡು ಎಲ್ಲಿ ಬೀಳುತ್ತದೆಂದು ಹೇಳಲಾಗದ ಕೋವಿಯನ್ನು ಹೊರಗೆ ತೆಗೆಯಬಾರದು. ದೋಷ ಸಿಗುವವರೆಗೆ ಅದು ಬೀಗದೊಳಗೇ ಇರಲಿ.